ಮುಂಗಾರಿಗೆ ಮುನ್ನ ಮಾಡಿನತ್ತ ಒಮ್ಮೆ ನೋಡೋಣ



ಬೋರ್ಡೋ ಸಿಂಪರಣೆಗೆ ತೋರುವ ಕಾಳಜಿಯನ್ನು ನಾವು ಮನೆಯ ಮಾಡಿಗೆ ತೋರುವುದಿಲ್ಲ. ಕಳೆದ ವರ್ಷದ ಆರ್ದ್ರಾ ಮಳೆಯಲ್ಲಿ ನಮ್ಮ ಅಟ್ಟದಲ್ಲಿಯೇ ಎರಡು ಚೀಲ ಅಡಿಕೆಗೆ ಬೂಷ್ಟು ಹಿಡಿಯಿತು. ಕಾರಣ, ಒಡೆದ ಒಂದೇ ಹೆಂಚು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ ಸೋಗೆಯ ಮಾಡುಗಳು ಕ್ರಮೇಣ ಹೆಂಚಿಗೆ ತಿರುಗಿದವು. ಹೆಂಚು ಗಟ್ಟಿ, ಆದರೆ ಗಾಳಿ ಅದನ್ನು ಸೂರಿನ ಅಂಚಿನಿಂದ ಎತ್ತುತ್ತದೆ. ಆದುದರಿಂದ ಅಂಚಿನ ಸಾಲುಗಳನ್ನು ರೀಪಿಗೆ ತಂತಿಯಿಂದ ಬಿಗಿಸಬೇಕು. ಮೇ ತಿಂಗಳೊಳಗೆ ಹೆಂಚು ಕೈಯಾಡಿಸಿ, ದೋಣಿಯ ತರಗೆಲೆ ತೆಗೆಸಿ, ರೀಪು ಪಕಾಸಿಗಳಿಗೆ ಗೆದ್ದಲು ಹತ್ತಿದೆಯೇ ಎಂದು ನೋಡತಕ್ಕದ್ದು.

ಶಿವಮೊಗ್ಗ, ಭದ್ರಾವತಿಗಳ ತಾರಸಿ ಮನೆಗಳ ಮಾತು ಬೇರೆ. ಅಲ್ಲಿ ನಿಂತ ನೀರೇ ಶತ್ರು. ಕೊಳವೆಯ ಬಾಯಿ ಕಟ್ಟಿಕೊಂಡರೆ ನೀರು ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಮೇಲೆ ಸುಕ್ಕುತಗಡು ಹೊದಿಸುವವರು ಬೋಲ್ಟನ್ನು ಉಬ್ಬಿನಲ್ಲಿ ಹಾಕಿಸಲಿ. ತಗ್ಗಿನಲ್ಲಿ ಹಾಕಿದರೆ ಹರಿಯುವ ನೀರು ಅಲ್ಲಿಯೇ ಸೋರುತ್ತದೆ.

ಕಡೆಯದಾಗಿ ಒಂದು ಮಾತು. ಸಿಮೆಂಟ್ ಶೀಟಿನ ಮೇಲೆ ಹಲಗೆ ಹಾಕದೆ ಕಾಲಿಡಬಾರದು. ಮಳೆ ಸುರಿಯುವಾಗ ಆಳುಗಳನ್ನು ಮಾಡಿಗೆ ಹತ್ತಿಸಲೇಬಾರದು. ಸೋರುವ ಕಡೆ ಆ ಹೊತ್ತಿಗೆ ಹಂಡೆ ಇಟ್ಟರಾಯಿತು. ಒಡೆದ ಹೆಂಚಿಗೆ ಬದಲಿ ಉಂಟು, ಬಿದ್ದು ಮುರಿದ ಬೆನ್ನಿಗೆ ಇಲ್ಲ.