ಬದನೆಕಾಯಿ ಕುಡಿದ ಸೊಗಡು

“ಬದ್ನೆಕಾಯ ಈಗ್ಲೇ ಹಾಕ್ಬ್ಯಾಡ ಕಣಮ್ಮಿ, ಕಾಳು ಮೊದ್ಲು ಬೇಯ್ಲಿ!”

ಮಂಡ್ಯ ಸೀಮೆಯ ಅತ್ತೆ ಸೊಸೆಗೆ ಹೇಳುವ ಈ ಮಾತಿನೊಳಗೆ ಎಂಥಾ ವಿದ್ಯೆ ಅಡಗಿದೆ! ಬದನೆಯ ತಿರುಳೆಂದರೆ ಗಾಳಿ ತುಂಬಿದ ಪುಟ್ಟ ಪುಟ್ಟ ಗೂಡುಗಳು. ಬಿಸಿ ತಾಗಿತೋ, ಗೂಡುಗಳು ಕುಸಿಯುತ್ತವೆ. ಗಾಳಿ ಹೊರಗೆ, ಸಾರು ಒಳಗೆ! ಅವರೆಕಾಳು ಬೆಂದು, ಸೊಗಡನ್ನೆಲ್ಲ ನೀರಿಗೆ ಬಿಟ್ಟ ಮೇಲೆ ಬೀಳುವ ಹೋಳು ಆ ಸೊಗಡನ್ನೇ ಕುಡಿದು ಮೆತ್ತಗಾಗುತ್ತದೆ. ಮೊದಲೇ ಹಾಕಿದರೆ ಕಾಳು ಬೇಯುವ ಹೊತ್ತಿಗೆ ಹೋಳು ಕರಗಿ ಕಾಣೆ. ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕುವುದೂ ಸುಮ್ಮನೆ ಬಂದ ಪದ್ಧತಿಯಲ್ಲ. ಕತ್ತರಿಸಿದ ಮೈಗೆ ಗಾಳಿ ಸೋಕಿದರೆ ಕಪ್ಪಾಗುತ್ತದೆ. ನೀರು ಆ ಗಾಳಿಯನ್ನು ದೂರವಿಡುತ್ತದೆ. ಯಾವ ಪುಸ್ತಕವನ್ನೂ ತೆರೆಯದೆ ತಲೆಮಾರುಗಳಿಂದ ಇದನ್ನು ಮಾಡುತ್ತಾ ಬಂದಿದ್ದಾರಲ್ಲ!

ಅಡುಗೆಮನೆಯಿಂದ ಹೊಲಕ್ಕೆ ಬನ್ನಿ, ಬೆರಗು ಇನ್ನೂ ದೊಡ್ಡದಾಗುತ್ತದೆ. ಮಳವಳ್ಳಿ, ಮದ್ದೂರು ಕಡೆ ಮಳೆ ನಂಬಿದ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಾರೆ: ಅವರೆ, ತೊಗರಿ, ಹಳದಿ ಹೂವಿನ ಹುಚ್ಚೆಳ್ಳು. ರಾಗಿ ಮುದ್ದೆಯಾಗುತ್ತದೆ. ಅವರೆ ಸಾರಿಗೆ. ಹುರಿದು ಕುಟ್ಟಿದ ಹುಚ್ಚೆಳ್ಳು ಬದನೆಕಾಯಿ ಗೊಜ್ಜಿಗೆ! ಒಂದಿಡೀ ಊಟವೇ ಒಂದೇ ಹೊಲದಲ್ಲಿ ಗಾಳಿಗೆ ತೂಗುತ್ತಾ ನಿಂತಿದೆ, ಹಿತ್ತಲಿನ ಬದನೆ ಗಿಡವೊಂದು ಅದನ್ನೆಲ್ಲ ಒಂದೇ ತಟ್ಟೆಗೆ ತಂದು ಸೇರಿಸುತ್ತದೆ. ಇದನ್ನು ಕಂಡ ಮೇಲೆ ರಾಗಿ ಹೊಲವನ್ನು ಬರೀ ರಾಗಿ ಹೊಲ ಅಂತ ನೋಡುವುದಕ್ಕೆ ನನ್ನಿಂದಾಗದು.

ನಾಲೆ ಬಯಲಿನ ರುಚಿಯ ದಾರಿ ಬೇರೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು, ಭತ್ತ ಕಬ್ಬು ತುಂಬಿದವು. ಅಕ್ಕಿರೊಟ್ಟಿಗೆ ಜೊತೆಯಾಗಿ ಸುಟ್ಟ ಬದನೆಕಾಯಿ! ಮೈಗೆ ಎಣ್ಣೆ ಸವರಿ ಕೆಂಡದಲ್ಲಿಟ್ಟರೆ ಸಿಪ್ಪೆ ಕರಕಲಾಗುತ್ತದೆ, ಒಳಗಿನ ತಿರುಳು ತನ್ನ ನೀರಿನಲ್ಲೇ ಬೆಂದು ಹೊಗೆಯ ವಾಸನೆ ಹಿಡಿಯುತ್ತದೆ. ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಹುಣಸೆಹುಳಿ, ಚೂರು ಬೆಲ್ಲ, ಈರುಳ್ಳಿ ಬೆರೆಸಿ ಕಿವುಚಿದರೆ ಆಯಿತು. ಬೆಲ್ಲ ಬೇಕೇ ಬೇಡವೇ ಎಂಬುದು ಮನೆಮನೆಯ ಜಗಳ. ನಾನಂತೂ ಬೆಲ್ಲದ ಪಕ್ಷ.

ಈಗ ಕಡಲು ದಾಟಿ ಇಟಲಿಗೆ! ಬದನೆಯ ತವರು ನಮ್ಮ ಏಷ್ಯಾ. ಅರಬರ ಜೊತೆ ಅದು ಸಿಸಿಲಿ ದ್ವೀಪ ಸೇರಿತು. ಅಲ್ಲಿನ ಮನೆಗಳಲ್ಲಿ ಮಾಡುವ ಕಪೊನಾತಾದಲ್ಲಿ ಕರಿದ ಬದನೆಗೆ ವಿನೆಗರ್ ಹುಳಿ, ಸಕ್ಕರೆ ಸಿಹಿ. ನಮ್ಮ ಹುಣಸೆ-ಬೆಲ್ಲದ ಜೋಡಿಯೇ ಅಲ್ಲವೇ ಅದು! ಪಾರ್ಮಿಜಾನಾ ಮಾಡುವ ಅಜ್ಜಿಯರು ಬಿಲ್ಲೆಗಳಿಗೆ ಉಪ್ಪು ಸವರಿಟ್ಟು, ಒಸರಿದ ನೀರನ್ನು ಹಿಂಡಿ, ಆಮೇಲೆ ಕರಿದು, ಟೊಮೆಟೊ ಚೀಸ್ ಜೊತೆ ಪದರ ಪದರವಾಗಿ ಜೋಡಿಸುತ್ತಾರೆ. ಗೂಡುಗಳು ಮೊದಲೇ ಕುಸಿದಿದ್ದರೆ ಎಣ್ಣೆ ಕಡಿಮೆ ಹೀರುತ್ತದೆ. ಅವರು ನೀರನ್ನು ಹೊರಗೆ ಕಳಿಸಿದರು, ನಮ್ಮವರು ಸಾರನ್ನು ಒಳಗೆ ಕರೆದರು. ಗುಟ್ಟು ಎರಡೂ ಕಡೆ ಒಂದೇ! ಇನ್ನೊಂದು ಸೋಜಿಗ ಕೇಳಿ: ಅವರ ಟೊಮೆಟೊ, ನಮ್ಮ ಮೆಣಸಿನಕಾಯಿ, ಎರಡೂ ಅಮೆರಿಕ ಖಂಡದಿಂದ ಬಂದವು. ಹಳೆಯ ಬದನೆ ಎರಡು ದೇಶಗಳಲ್ಲೂ ಹೊಸ ನೆಂಟನನ್ನು ಒಳಗೆ ಬಿಟ್ಟುಕೊಂಡಿದೆ.

ಆದರೆ ನನ್ನ ಮನಸ್ಸು ಸೋತದ್ದು ಒಣಮೀನಿನ ಸಾರಿಗೆ. ಕಡಲು ಕಾಣದ ನಮ್ಮ ಮಂಡ್ಯ ಸೀಮೆಯಲ್ಲಿ, ಕಡಲಿನ ಉಪ್ಪು ಹೊತ್ತು ಸಂತೆಗೆ ಬಂದ ಮೀನು! ಅದನ್ನು ಹುರಿದು, ಬಿಸಿನೀರಿನಲ್ಲಿ ತೊಳೆದು, ಅವರೆಕಾಳಿನ ಸಾರಿಗೆ ಬದನೆ ಹೋಳಿನ ಜೊತೆ ಬಿಡುತ್ತಾರೆ. ಮೀನಿನ ಉಪ್ಪು, ಕಾಳಿನ ಸೊಗಡು, ಮಸಾಲೆಯ ಖಾರ, ಮೂರನ್ನೂ ಹೋಳು ಒಂದೇ ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಮಾಡಿ ಬೆಳಿಗ್ಗೆ ಬಿಸಿ ಮಾಡಿ, ಆಗ ತಾನೇ ಕಟ್ಟಿದ ಮುದ್ದೆಗೆ ಬಡಿಸಿಕೊಳ್ಳಿ. ತಟ್ಟೆಯಲ್ಲಿ ಮೀನಿಗಿಂತ ಮೊದಲು ಖಾಲಿಯಾಗುವುದು ಬದನೆಕಾಯಿ!