ಡಾಂಗಲ್ ಕೆಟ್ಟಿಲ್ಲ, ಕೂತ ಜಾಗ ಕೆಟ್ಟಿದೆ

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಅನೇಕ ಸಲ ಇರುವುದಿಲ್ಲ. ಬೇಕೆಂದರೆ ನಾವೇ ಸೇರಿಸಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಪುಟ್ಟ ಡಾಂಗಲ್ ಸಿಗುತ್ತದೆ. ತಂದು ಹಾಕಿದ ಸಂಜೆ ಹಾಡು ಸರಾಗವಾಗಿ ಕೇಳಿಸುತ್ತದೆ. ಮರುದಿನ ಮೀಟಿಂಗ್ ನಡುವೆ ದನಿ ತುಂಡಾಗುತ್ತದೆ, ಮೌಸ್ ತಡವರಿಸುತ್ತದೆ. ಕಳಪೆ ಮಾಲು ಎಂದು ಬೈದು ಇನ್ನೊಂದನ್ನು ಕೊಂಡು, ಅದನ್ನೂ ಅದೇ ತೂತಿಗೆ ಚುಚ್ಚುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಎಷ್ಟೋ ಸಲ ತೊಂದರೆ ಇರುವುದು ಆ ಜಾಗದಲ್ಲಿ.

ತಪ್ಪು ಕಲ್ಪನೆ: ಯಾವ ಯುಎಸ್‌ಬಿ ಪೋರ್ಟಿಗೆ ಹಾಕಿದರೂ ಒಂದೇ.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ಇದೇ ತಪ್ಪು. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ. ಯುಎಸ್‌ಬಿ 3.0 ಪೋರ್ಟುಗಳು ಡೇಟಾ ಸಾಗಿಸುವಾಗ ಅದೇ 2.4ರ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಒಂದು ತಾಂತ್ರಿಕ ಪ್ರಬಂಧ ಪ್ರಕಟಿಸಿತ್ತು. ಹತ್ತಿರದಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ವೈರ್‌ಲೆಸ್ ಸಾಧನಗಳು ಸಂಕೇತ ಹಿಡಿಯಲಾರದೆ ಒದ್ದಾಡುತ್ತವೆ ಎಂಬುದು ಅದರ ಸಾರ. ಹೀಗಿದ್ದೂ ನಾವು ಡಾಂಗಲ್ ಹಾಕುವುದು ಸಿಪಿಯು ಡಬ್ಬದ ಹಿಂಬದಿಯ ನೀಲಿ ಬಣ್ಣದ 3.0 ಪೋರ್ಟಿಗೆ. ಪಕ್ಕದ ಪೋರ್ಟಿನಲ್ಲಿ ಬ್ಯಾಕಪ್ ಡ್ರೈವ್, ಮುಂದೆ ತಗಡಿನ ಕ್ಯಾಬಿನೆಟ್, ಹಿಂದೆ ಗೋಡೆ. ಡಬ್ಬ ಮೇಜಿನ ಕೆಳಗಿದ್ದರಂತೂ ಕೂತವರ ಕಾಲು, ಮೈ ಎಲ್ಲವೂ ಅಡ್ಡ. ಮನುಷ್ಯನ ದೇಹ ಮುಖ್ಯವಾಗಿ ನೀರು. ಈ ತರಂಗಗಳನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ.

ಪರಿಹಾರ ಬಹಳ ಅಗ್ಗ: ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್. ಅದನ್ನು ಕಪ್ಪು ಬಣ್ಣದ 2.0 ಪೋರ್ಟಿಗೆ ಹಾಕಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ, ಕಿವಿಯ ಹೆಡ್‌ಫೋನಿಗೆ ನೇರವಾಗಿ ಕಾಣುವ ಹಾಗೆ ಇಟ್ಟು ಡಾಂಗಲ್ ಸಿಕ್ಕಿಸಿ. ಹೊಸ ಡಾಂಗಲ್ ಹುಡುಕಿ ಹೊರಡುವ ಮೊದಲು ಇದನ್ನು ಮಾಡಿ ನೋಡಲೇಬೇಕು.

ವೈಫೈ ಕೂಡ ಇಲ್ಲಿ ಪಾಲುದಾರ. ಹಳೆಯ ಬಗೆಯ ಬ್ಲೂಟೂತ್ ತನ್ನ ಆವರ್ತನ ಪಟ್ಟಿಯನ್ನು 79 ಚಾನೆಲ್‌ಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟುಬಿಡುವ ಜಾಣ್ಮೆಯೂ ಅದಕ್ಕಿದೆ. ಆದರೆ ಒಂದು ವೈಫೈ ಚಾನೆಲ್ ಇವುಗಳಲ್ಲಿ ಸುಮಾರು ಇಪ್ಪತ್ತನ್ನು ನುಂಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ, ಕೆಳಗಿನ, ಪಕ್ಕದ ಮನೆಗಳ ರೂಟರ್‌ಗಳು 1, 6, 11ನೇ ಚಾನೆಲ್‌ಗಳಲ್ಲಿ ಕೂತಿದ್ದರೆ ಬ್ಲೂಟೂತ್‌ಗೆ ಹಾರಿ ಹೋಗಲು ಖಾಲಿ ಜಾಗ ಸ್ವಲ್ಪವೇ ಉಳಿಯುತ್ತದೆ. ಪಕ್ಕದ ಮನೆಯವರ ರೂಟರ್ ನಮ್ಮ ಕೈಯಲ್ಲಿಲ್ಲ. ನಮ್ಮ ಕಂಪ್ಯೂಟರನ್ನಾದರೂ 5 ಗಿಗಾಹರ್ಟ್ಸ್ ವೈಫೈಗೆ, ಸಾಧ್ಯವಾದರೆ ಲ್ಯಾನ್ ಕೇಬಲ್ಲಿಗೆ ಬದಲಾಯಿಸಬಹುದು.

ತಪ್ಪು ಕಲ್ಪನೆ: ಪ್ಯಾಕೆಟ್ ಮೇಲೆ 5.3 ಅಂತಿದ್ದರೆ 4.0ಗಿಂತ ದನಿ ಚೆನ್ನಾಗಿರುತ್ತದೆ.

ವಾಸ್ತವ: 2016ರ ಕೊನೆಯಲ್ಲಿ ಬಂದ 5.0 ಆವೃತ್ತಿ ವೇಗವನ್ನೂ ದೂರವನ್ನೂ ಹೆಚ್ಚಿಸಿದ್ದು ನಿಜ. ಆದರೆ ಹೆಚ್ಚಿಸಿದ್ದು ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ಎಲ್‌ಇ ಭಾಗದಲ್ಲಿ. ನಮ್ಮ ಬಹುತೇಕ ಹೆಡ್‌ಫೋನ್‌ಗಳು ಹಾಡು ಕೇಳಿಸುವುದು ಹಳೆಯ, ಕ್ಲಾಸಿಕ್ ಭಾಗದ ಮೂಲಕ. ಅದರ ಗರಿಷ್ಠ ವೇಗ 2004ರ 2.0 ಆವೃತ್ತಿಯ ಕಾಲದಿಂದಲೂ 3 ಎಂಬಿಪಿಎಸ್. ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆ ಬಂದಿದೆ, ಅದು ನಿಜಕ್ಕೂ ಒಳ್ಳೆಯದು. ಆದರೆ ಅದು ಸಿಗಬೇಕಾದರೆ ಹೆಡ್‌ಫೋನ್, ಅಡಾಪ್ಟರ್, ಡ್ರೈವರ್, ವಿಂಡೋಸ್ 11 ನಾಲ್ಕೂ ಒಪ್ಪಬೇಕು. ಪ್ಯಾಕೆಟ್ಟಿನ ಅಂಕಿ ಒಂದೇ ಸಾಲದು.

ಆ ಅಂಕಿಯೂ ನಿಜವೇ ಎಂದು ಪರೀಕ್ಷಿಸುವ ದಾರಿಯಿದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಬ್ಲೂಟೂತ್ ಕೆಳಗೆ ಅಡಾಪ್ಟರ್ ಹೆಸರನ್ನು ಒತ್ತಿ, ಅಡ್ವಾನ್ಸ್ಡ್ ಎಂಬ ಪುಟಕ್ಕೆ ಹೋಗಿ. ಅಲ್ಲಿ ಎಲ್‌ಎಂಪಿ ಎಂದು ಒಂದು ಸಂಖ್ಯೆ ಇರುತ್ತದೆ. ಅದು 6 ಆದರೆ 4.0, 9 ಆದರೆ 5.0, 12 ಆದರೆ 5.3. ಹೊರಗೆ 5.3 ಎಂದು ಅಚ್ಚಾಗಿದ್ದು ಒಳಗೆ ಎಲ್‌ಎಂಪಿ 6 ಕಂಡರೆ ಬಿಲ್ ಹಿಡಿದು ಅಂಗಡಿಗೆ ವಾಪಸ್ ಹೋಗಿ. ಸಿಎಸ್‌ಆರ್ ಕಂಪನಿಯ ಹಳೆಯ 4.0 ಚಿಪ್ಪಿನ ನಕಲುಗಳು ಎಷ್ಟು ಹರಡಿವೆ ಎಂದರೆ, ಲಿನಕ್ಸ್ ಕರ್ನಲ್ ಬರೆಯುವವರು ಅವುಗಳನ್ನು ಪತ್ತೆಹಚ್ಚಿ ಸಂಭಾಳಿಸಲೆಂದೇ ಪ್ರತ್ಯೇಕ ಕೋಡ್ ಸೇರಿಸಬೇಕಾಯಿತು.

ತಪ್ಪು ಕಲ್ಪನೆ: ಮೀಟಿಂಗ್ ಶುರುವಾದ ಕೂಡಲೇ ದನಿ ಹಳೆಯ ಫೋನಿನ ಹಾಗಾಗುತ್ತದೆ, ಅಂದರೆ ಅಡಾಪ್ಟರ್ ಕೆಟ್ಟಿದೆ.

ವಾಸ್ತವ: ಕೆಟ್ಟಿಲ್ಲ. ಕ್ಲಾಸಿಕ್ ಬ್ಲೂಟೂತ್‌ನಲ್ಲಿ ಒಳ್ಳೆಯ ಸ್ಟೀರಿಯೋ ಹಾಡು ಬರುವ ದಾರಿ ಒಂದು, ಮೈಕ್ ಸಮೇತ ಮಾತಾಡುವ ದಾರಿ ಇನ್ನೊಂದು. ಮೈಕ್ ಬಳಕೆಗೆ ಬಂದ ಕ್ಷಣ ಹೆಡ್‌ಫೋನ್ ಎರಡನೆಯದಕ್ಕೆ ಇಳಿಯುತ್ತದೆ, ದನಿ ಮೋನೋ ಆಗಿ ಸಪ್ಪೆಯಾಗುತ್ತದೆ. ಹೆಚ್ಚು ಬೆಲೆಯ ಹೆಡ್‌ಫೋನ್ ತಂದರೂ ಇದು ತಪ್ಪುವುದಿಲ್ಲ. ಮೀಟಿಂಗ್ ಆ್ಯಪಿನ ಸೆಟ್ಟಿಂಗಿನಲ್ಲಿ ಮೈಕ್ ಜಾಗಕ್ಕೆ ವೆಬ್‌ಕ್ಯಾಮ್‌ನದ್ದೋ ತಂತಿಯದ್ದೋ ಆರಿಸಿ. ಹೆಡ್‌ಫೋನ್ ಬರೀ ಕೇಳಲು ಉಳಿದುಕೊಂಡು ದನಿ ಮೊದಲಿನಂತಾಗುತ್ತದೆ. ಸಂಗೀತದ ಆನ್‌ಲೈನ್ ಪಾಠ ಕಲಿಯುವ ಮಕ್ಕಳಿಗೆ ಇದನ್ನು ತಪ್ಪದೆ ಮಾಡಿಕೊಡಿ. ತಂಬೂರಿಯ ಶ್ರುತಿ ಸಪ್ಪೆ ದನಿಯಲ್ಲಿ ಸರಿಯಾಗಿ ಕೇಳುವುದೇ ಇಲ್ಲ.

ತಪ್ಪು ಕಲ್ಪನೆ: ಯುಎಸ್‌ಬಿ ಮೂತಿ ಇದ್ದು ಬ್ಲೂಟೂತ್ ಎಂದು ಬರೆದಿದ್ದರೆ ಸಾಕು.

ವಾಸ್ತವ: ಕಾರಿನ ಸ್ಟೀರಿಯೋಗೆಂದು ಮಾರುವ ರಿಸೀವರ್‌ಗಳಿಗೂ ಅದೇ ಮೂತಿ, ಅದೇ ಹೆಸರು. ಪಕ್ಕದಲ್ಲಿ ಆಕ್ಸ್ ತೂತು ಇದ್ದರೆ ಎಚ್ಚರ: ಅಂಥವು ಸಾಮಾನ್ಯವಾಗಿ ಯುಎಸ್‌ಬಿಯಿಂದ ಪಡೆಯುವುದು ಕರೆಂಟ್ ಮಾತ್ರ. ವೈರ್‌ಲೆಸ್ ಮೌಸಿನ ಜತೆ ಬರುವ ಪುಟ್ಟ ರಿಸೀವರೂ ಅಷ್ಟೇ, ಅದಕ್ಕೆ ನಿಮ್ಮ ಹೆಡ್‌ಫೋನ್ ಪೇರ್ ಆಗದು.

ತಪ್ಪು ಕಲ್ಪನೆ: ಡಾಂಗಲ್ ಸಹವಾಸವೇ ಬೇಡ, ಡಬ್ಬದೊಳಗೆ ವೈಫೈ, ಬ್ಲೂಟೂತ್ ಎರಡೂ ಇರುವ ಪಿಸಿಐಇ ಕಾರ್ಡ್ ಹಾಕಿಸಿದರೆ ಮುಗಿಯಿತು.

ವಾಸ್ತವ: ದಿನವಿಡೀ ಬಳಸುವವರಿಗೆ ನನ್ನ ಆಯ್ಕೆಯೂ ಕಾರ್ಡೇ. ಆದರೆ ಸ್ಲಾಟಿಗೆ ಒತ್ತಿ ಸ್ಕ್ರೂ ಬಿಗಿದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಕಾರ್ಡಿನ ವೈಫೈ ಭಾಗ ಸ್ಲಾಟಿನಿಂದ ನಡೆಯುತ್ತದೆ. ಬ್ಲೂಟೂತ್ ಭಾಗ ನಡೆಯುವುದು ಯುಎಸ್‌ಬಿಯಿಂದ. ಬಾಕ್ಸಿನ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಂದು ತೆಳು ಕೇಬಲ್ ಇರುತ್ತದೆ. ಅದರ ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ಮದರ್‌ಬೋರ್ಡಿನ ಕೆಳ ಅಂಚಿನಲ್ಲಿರುವ ಒಂಬತ್ತು ಪಿನ್ನಿನ ಯುಎಸ್‌ಬಿ 2.0 ಹೆಡರ್‌ಗೆ ಹೋಗಬೇಕು. ಅಲ್ಲಿ ಐದೈದರ ಎರಡು ಸಾಲು, ಒಂದು ಮೂಲೆಯ ಪಿನ್ ಇಲ್ಲ. ಕೇಬಲ್ ಮರೆತರೆ ವೈಫೈ ಚೆನ್ನಾಗಿ ಓಡುತ್ತದೆ, ಬ್ಲೂಟೂತ್ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಡ್ರೈವರ್ ಮತ್ತೆ ಮತ್ತೆ ಹಾಕಿ ಪ್ರಯೋಜನವಿಲ್ಲ.

ಆಂಟೆನಾಗಳನ್ನೂ ತಿರುಪಿ ಬಿಗಿಯಿರಿ. ಅವಿಲ್ಲದೆಯೂ ಒಂದಡಿ ದೂರದಲ್ಲಿ ಪೇರ್ ಆಗುವುದರಿಂದ ಜನ ಮೋಸ ಹೋಗುತ್ತಾರೆ. ತಂತಿ ಇರುವ ಆಂಟೆನಾ ಸಿಕ್ಕರೆ ಇನ್ನೂ ಒಳ್ಳೆಯದು, ಮೇಜಿನ ಮೇಲೆ ತರಬಹುದು. ಬೋರ್ಡಿನ ಎಂ.2 ಸ್ಲಾಟಿಗೆ ಹಾಕುವ ಬಿಡಿ ಕಾರ್ಡ್ ಕೊಳ್ಳುವವರು ಮಾದರಿಯ ಅಂಕಿಯನ್ನು ನೋಡಿಕೊಳ್ಳಬೇಕು: ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಎಎಂಡಿ ಬೋರ್ಡಿನಲ್ಲೂ ನಡೆಯುತ್ತವೆ, ಎಎಕ್ಸ್201, ಎಎಕ್ಸ್211 ನಡೆಯುವುದಿಲ್ಲ.

ತಪ್ಪು ಕಲ್ಪನೆ: ಬೋರ್ಡಿನದೊಂದು, ಡಾಂಗಲ್ ಒಂದು, ಎರಡೂ ಇದ್ದರೆ ಸಿಗ್ನಲ್ ಬಲವಾಗುತ್ತದೆ.

ವಾಸ್ತವ: ವಿಂಡೋಸ್ ಒಂದು ಹೊತ್ತಿಗೆ ಒಂದೇ ಬ್ಲೂಟೂತ್ ರೇಡಿಯೋ ಬಳಸುತ್ತದೆ. ಹಳೆಯದನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ, ಆಮೇಲೆ ಹೊಸದನ್ನು ಹಾಕಿ. ಇಲ್ಲವಾದರೆ ಎರಡರ ನಡುವೆ ಗೊಂದಲವಾಗಿ ಎರಡೂ ಸರಿಯಾಗಿ ನಡೆಯುವುದಿಲ್ಲ.

ತಪ್ಪು ಕಲ್ಪನೆ: ಬ್ಲೂಟೂತ್ ಕೀಬೋರ್ಡ್ ಬಂದ ಮೇಲೆ ತಂತಿಯದ್ದನ್ನು ಎಸೆಯಬಹುದು.

ವಾಸ್ತವ: ಎಸೆಯಬೇಡಿ. ಬಹುತೇಕ ಅಡಾಪ್ಟರ್‌ಗಳು ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲಷ್ಟೇ ಕೆಲಸ ಮಾಡುತ್ತವೆ. ಬಯಾಸ್ ಪರದೆಯಲ್ಲಿ, ವಿಂಡೋಸ್ ಮರುಸ್ಥಾಪಿಸುವಾಗ ಬ್ಲೂಟೂತ್ ಕೀಬೋರ್ಡ್ ಒತ್ತಿದರೆ ಏನೂ ಆಗುವುದಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಇನ್ನೊಂದು ತೊಡಕಿದೆ: ಪೇರ್ ಮಾಡಿದಾಗ ಹುಟ್ಟುವ ಗುಪ್ತ ಕೀಲಿಯನ್ನು ಎರಡೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಅಲ್ಲಿ ಪೇರ್ ಮಾಡಿದ್ದು ಇಲ್ಲಿ ನಡೆಯದು. ಹಲವು ಸಾಧನಗಳಿಗೆ ಪೇರ್ ಆಗಬಲ್ಲ ಕೀಬೋರ್ಡ್ ಕೊಂಡು, ಒಂದನೇ ಗುಂಡಿಗೆ ವಿಂಡೋಸ್, ಎರಡನೆಯದಕ್ಕೆ ಲಿನಕ್ಸ್ ಎಂದು ಹಂಚಿಬಿಟ್ಟರೆ ಆ ಕಿರಿಕಿರಿ ಇರುವುದಿಲ್ಲ.