ಅಂತರ್ಜಾಲದ ಕನ್ನಡ ಪುಟಗಳ ಪರೀಕ್ಷೆ

ಗಡಿನಾಡಿನ ಸ್ಥಳಚರಿತ್ರೆ, ಶಾಸನಪಾಠ, ಜನಪದ ಗೀತೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ಉತ್ಸಾಹವು ಅಧ್ಯಾಪಕ ಬಳಗದಲ್ಲಿ ಕಂಡುಬರುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಬರಹವು ಓದುಗನಿಗೆ ದೊರೆಯುವುದೇ, ದೊರೆತರೆ ಉಪಯೋಗಕ್ಕೆ ಬರುವುದೇ ಎಂದು ಪರೀಕ್ಷಿಸುವವರು ವಿರಳ. ಕಣ್ಣಿಗೆ ಅಂದವಾಗಿ ಕಂಡರೆ ಸಾಕೆಂದು ತೃಪ್ತರಾಗುವವರೇ ಹೆಚ್ಚು.

ಮೊದಲು ಲಿಪಿಯನ್ನು ಪರೀಕ್ಷಿಸಬೇಕು. ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಬರಹವು ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಆದರೆ ಅದರಲ್ಲಿ ಬೆರಳಚ್ಚು ಮಾಡಿದರೂ ಒಂದು ಕಳ್ಳದೋಷ ಉಳಿಯುವುದುಂಟು: ಅನುಸ್ವಾರವಿರಬೇಕಾದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವುದು. 'ಕುಂಬಳೆ', 'ಕು೦ಬಳೆ' – ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ; ಯಂತ್ರಕ್ಕೆ ಬೇರೆ ಬೇರೆ. ಕುಂಬಳೆಯ ಚರಿತ್ರೆಯನ್ನು ಹುಡುಕುವ ವಿದ್ಯಾರ್ಥಿಗೆ ಎರಡನೆಯ ಬಗೆಯ ಪುಟ ಸಿಕ್ಕದೆಯೇ ಹೋಗಬಹುದು. ಆದುದರಿಂದ ಪ್ರಕಟವಾದ ಪುಟದೊಳಗಿನ, ಅನುಸ್ವಾರವುಳ್ಳ ನಾಲ್ಕಾರು ಊರಹೆಸರುಗಳನ್ನು ಹೊಸದಾಗಿ ಬೆರಳಚ್ಚು ಮಾಡಿ ಹುಡುಕಿ ನೋಡತಕ್ಕದ್ದು. ಹಳೆಯ ಪುಸ್ತಕದ ಛಾಯಾಪ್ರತಿಯನ್ನಷ್ಟೇ ಏರಿಸಿದರಂತೂ ಹುಡುಕಾಟಕ್ಕೆ ಆಧಾರವೇ ಇಲ್ಲ. ಅಂಧ ಓದುಗರಿಗೆ ಓದಿಹೇಳುವ ತಂತ್ರಾಂಶದ ಪಾಲಿಗೂ ಅದು ಮೂಕ.

ಕಣ್ಣಿನ ಅನುಕೂಲಕ್ಕೂ ಅಳತೆಗಳುಂಟು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿ ಬೆಳಕಿನ ಅಂತರವಿರಬೇಕು, ಬರಹವನ್ನು 200 ಶೇಕಡದವರೆಗೆ ಹಿಗ್ಗಿಸಿದರೂ ಏನೂ ಮರೆಯಾಗಬಾರದು ಎಂಬುದು 2008ರ ಅಂತರರಾಷ್ಟ್ರೀಯ ಸೂತ್ರ. ನಮ್ಮ ಲಿಪಿಗೆ ಇನ್ನೊಂದನ್ನು ಸೇರಿಸಿಕೊಳ್ಳೋಣ: ಸಾಲುಗಳ ನಡುವೆ ಎಡೆ ಸಾಲದಿದ್ದರೆ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಇಷ್ಟಾದ ಮೇಲೆ ಓದುಗರಿಂದಲೇ ಪರೀಕ್ಷೆಯಾಗಬೇಕು. 'ಪುಟ ಹೇಗಿದೆ?' ಎಂದು ಕೇಳಿದರೆ ದಾಕ್ಷಿಣ್ಯಕ್ಕೆ 'ಚೆನ್ನಾಗಿದೆ' ಎಂದಾರು. 'ಈ ಶಾಸನದ ಕಾಲ ಯಾವುದು, ಹುಡುಕಿ' ಎಂದು ಕೆಲಸ ಕೊಟ್ಟು, ಅವರು ತಡವರಿಸಿದ ಸ್ಥಳಗಳನ್ನು ಗುರುತು ಹಾಕಿಕೊಳ್ಳಬೇಕು. ನಡುವೆ ಬಾಯಿ ಬಿಡಕೂಡದು. (ನಮ್ಮ ವೃತ್ತಿಯವರಿಗೆ ಇದು ಕಷ್ಟವೇ ಸರಿ!) ಯಾಕೋಬ್ ನೀಲ್ಸನ್ 2000ದಲ್ಲಿ ಬರೆದಂತೆ, ಐವರು ಓದುಗರಿಂದಲೇ ಸುಮಾರು 85 ಶೇಕಡ ತೊಡಕುಗಳು ಹೊರಬೀಳುತ್ತವೆ, ಹದಿನೈದು ಮಂದಿಯನ್ನು ಒಮ್ಮೆಲೇ ಕೂರಿಸುವುದಕ್ಕಿಂತ, ತಿದ್ದುತ್ತ ತಿದ್ದುತ್ತ ಐವರಂತೆ ಮೂರು ಸಲ ಪರೀಕ್ಷಿಸುವುದು ಲೇಸು. ಆದರೆ ಎರಡು ಬಗೆಯ ಓದುಗರಿದ್ದಲ್ಲಿ ಒಂದೊಂದು ಬಗೆಯಿಂದ ಮೂರು ನಾಲ್ಕು ಮಂದಿ ಬೇಕೆಂದು ಅವರೇ ಹೇಳಿದ್ದಾರೆ. ಕಾಸರಗೋಡಿನಲ್ಲಿ ಈ ಮಾತು ಮುಖ್ಯ. ಕನ್ನಡ ಮಾಧ್ಯಮದಲ್ಲಿ ಕಲಿತವನು ಸರಾಗವಾಗಿ ದಾಟುವ ಪುಟದಲ್ಲಿ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮಲಯಾಳ ಓದಿದ ಹುಡುಗನು ಮೊದಲ ಶೀರ್ಷಿಕೆಯಲ್ಲೇ ನಿಂತುಬಿಡಬಹುದು. ಆ ಶೀರ್ಷಿಕೆಯನ್ನು ಸರಳಗೊಳಿಸಿದ ಬಳಿಕ ಬೇರೊಬ್ಬ ಹುಡುಗನನ್ನು ಕರೆಯಬೇಕು. ಮೊದಲಿನವನಿಗೆ ದಾರಿ ಈಗಾಗಲೇ ಪರಿಚಿತ.